ಬೆಲ್ಲದಡುಗೆಯವನ ಕಾಲಿಗೆ ಉಪ್ಪುನಿಂಬೆ ರಸ

ಮೀನಖಂಡ ಹಿಡಿದುಕೊಂಡರೆ ಆಳೆತ್ತರದ ಗಂಡಸೂ ಕರುವಿನಂತೆ ಅರಚುತ್ತಾನೆ. ಕ್ಯಾತನಹಳ್ಳಿಯ ಆ ಬೆಲ್ಲದಡುಗೆಯವನ ಮನೆಯ ಜಗಲಿ ಹತ್ತುವಾಗಲೇ ಒಳಗಿನಿಂದ ಆ ಅರಚಾಟ ಕೇಳಿಸಿತು. ನನ್ನನ್ನು ಕರೆಸಿದ್ದವಳು ಅವನ ಹೆಂಡತಿ. ಅವಳ ಎರಡು ಬಾಣಂತನಕ್ಕೂ ಎಣ್ಣೆ ಹಚ್ಚಿ ನೀರು ಹಾಕಿದವಳು ನಾನೇ, ಅದಕ್ಕೆ ದೊಡ್ಡವ್ವ ಅನ್ನುತ್ತಾಳೆ. ಕೈಚೀಲ ಜಗಲಿಯ ಮೇಲೆ ಎಸೆದು ಒಳಗೆ ಹೋದೆ.

ಅವನು ಚಾಪೆಯ ಮೇಲೆ ಬಿದ್ದಿದ್ದ. ಬಲಗಾಲಿನ ಬೆರಳುಗಳು ಒಂದರ ಮೇಲೊಂದು ಹತ್ತಿ ಕೆಳಕ್ಕೆ ಮಡಚಿಕೊಂಡಿದ್ದವು. ಮೀನಖಂಡದಲ್ಲಿ ತೆಂಗಿನ ಗಿಟುಕಿನಷ್ಟು ಗಟ್ಟಿ ಗಂಟು. ನಾನು ಹರಳೆಣ್ಣೆ ಸುರಿದು ಎರಡೂ ಹೆಬ್ಬೆರಳಿನಿಂದ ಒತ್ತಿ ತಿಕ್ಕಿದೆ. ಬಾಣಂತಿಯರ ಸೊಂಟ ಸರಿಮಾಡಿದ ಕೈ ಇದು. ಆದರೂ ಆ ಗಂಟು ಬಿಡಬೇಕಾದರೆ ಒಲೆಯ ಮೇಲಿನ ಅನ್ನ ಕುದಿಯುವಷ್ಟು ಹೊತ್ತು ಹಿಡಿಯಿತು. ಬಿಟ್ಟ ಮೇಲೆ ಅವನು ಬೆವರು ಒರೆಸಿಕೊಂಡು, "ಇದು ದಿನಾ ಬತ್ತದೆ ದೊಡ್ಡವ್ವ. ಕಾಲು ಬುಟ್ರೆ ಕೈಬೆರಳು. ಕೈ ಬುಟ್ರೆ ಪಕ್ಕೆ" ಅಂದ.

ಅವನ ಲಿವರು ಒಣಗಿಹೋಗಿತ್ತು. ಕುಡಿದೇ ಕೆಟ್ಟಿದ್ದು, ಸುತ್ತಿ ಬಳಸಿ ಹೇಳುವುದಕ್ಕೇನಿಲ್ಲ. ಬಿಟ್ಟು ಎರಡು ವರ್ಷವಾಗಿತ್ತು, ಆದರೆ ಲಿವರಿಗೆ ಅದು ಗೊತ್ತಾದ ಹಾಗಿರಲಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿ ಒಂದು ಸಲ ಸೂಜಿ ಹಾಕಿ ತೆಗೆಸಿದ್ದರು. ಮತ್ತೆ ತುಂಬದ ಹಾಗೆ ನೀರಿನ ಮಾತ್ರೆ ಕೊಟ್ಟಿದ್ದರು. ಊಟಕ್ಕೆ ಉಪ್ಪು ಕಡಿಮೆ ಅಂದಿದ್ದರು. ಹೆಂಡತಿ ಅದನ್ನು ಕಾಮಾಲೆ ಪಥ್ಯ ಮಾಡಿಬಿಟ್ಟಿದ್ದಳು. ಉಪ್ಪಿಲ್ಲ, ಒಗ್ಗರಣೆ ಇಲ್ಲ, ಬೇಳೆ ಇಲ್ಲ. ಉಪ್ಪಿನಕಾಯಿ ಕಣ್ಣಿಗೆ ಬಿದ್ದರೆ ಆಸೆಯಾಗುತ್ತದೆಂದು ಜಾಡಿಯನ್ನೇ ಪಾಲಹಳ್ಳಿಯ ತಂಗಿಯ ಮನೆಗೆ ಸಾಗಿಸಿದ್ದಳು. ಸಾಲದ್ದಕ್ಕೆ ಶನಿವಾರ ಅವನ ಕೈಲಿ ಒಪ್ಪತ್ತು ಮಾಡಿಸುತ್ತಿದ್ದಳು. ಅವನ ತೋಳು ನೋಡಿದರೆ ಸಿಪ್ಪೆ ಸುಲಿದ ಕಬ್ಬಿನ ಹಾಗಿತ್ತು.

ಅವನಿಗೆ ಬೇಕಿದ್ದದ್ದು ಒಂದೇ. ಮತ್ತೆ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತು ಪಾಕ ನೋಡಬೇಕು. ಕಬ್ಬಿನ ಹಾಲು ಎಷ್ಟು ಕುದಿಯಬೇಕು, ಯಾವ ಗಳಿಗೆಯಲ್ಲಿ ಇಳಿಸಬೇಕು ಎಂದು ಹೇಳುವವನು ಅವನು. ಆಲೆಮನೆಯ ಯಜಮಾನ ಹಳೇ ಒಲೆ ಒಡೆದು ಹೊಸದು ಕಟ್ಟಿಸುತ್ತಿದ್ದ. ಒಂದು ಮಾತು ಹೇಳಿ ಹೋಗಿದ್ದ. ಒಲೆಯ ಮಣ್ಣು ಒಣಗಿದ ಮೇಲೆ ಮೊದಲನೇ ಕೊಪ್ಪರಿಗೆ ನೀನೇ ಇಳಿಸು, ಕಾಲು ತಡೆದರೆ ಕೆಲಸ ನಿನ್ನದು, ಇಲ್ಲದಿದ್ದರೆ ಕೆ.ಆರ್. ಪೇಟೆ ಕಡೆಯಿಂದ ಬೇರೆ ಅಡುಗೆಯವನನ್ನು ಕರೆಸುತ್ತೇನೆ. ಯಜಮಾನನ ಮಾತಿನಲ್ಲಿ ತಪ್ಪಿರಲಿಲ್ಲ. ಕುದಿಯುವ ಕೊಪ್ಪರಿಗೆ ಮುಂದೆ ಕಾಲು ಹಿಡಿದುಕೊಂಡರೆ ಮನುಷ್ಯ ಅದರೊಳಗೇ ಬೀಳುತ್ತಾನೆ.

"ಒಲೆ ಒಣಗೋದ್ರೊಳ್ಗೆ ನಿಲ್ಲಿಸ್ಕೊಡು ದೊಡ್ಡವ್ವ" ಅಂದ.

"ನಾನೇನು ದೇವ್ರೇನ್ಲಾ? ತಿಕ್ತೀನಿ. ನಿಂತ್ಕಳೋದು ಬುಡೋದು ನಿನ್ ಕಾಲಿಗೆ ಬುಟ್ಟಿದ್ದು" ಅಂದೆ.

ಅವರ ಮನೆಯಲ್ಲೇ ಉಳಿದು ಬೆಳಿಗ್ಗೆ ಸಂಜೆ ತಿಕ್ಕಿದೆ. ಬಿಸಿ ಉಪ್ಪಿನ ಗಂಟು ಕಟ್ಟಿ ಶಾಖ ಕೊಟ್ಟೆ. ನಾಲ್ಕೈದು ದಿನಕ್ಕೆ ನೋಡಿದರೆ ಕಾಲ ತುಂಬ ನನ್ನ ಹೆಬ್ಬೆರಳಿನಷ್ಟಗಲದ ನೀಲಿ ಕಲೆಗಳು. ಬಾಣಂತಿಯರಿಗೆ ನಾನು ಅದಕ್ಕಿಂತ ಜೋರಾಗಿ ಒತ್ತಿದ್ದೇನೆ, ಯಾರಿಗೂ ಹೀಗಾಗಿರಲಿಲ್ಲ. ಸೆಳೆತವಂತೂ ಒಂದೂ ಕಡಿಮೆಯಾಗಲಿಲ್ಲ. ಆಗ ಅವನು ಇನ್ನೊಂದು ಮಾತು ತೆಗೆದ.

"ಆ ನೀರಿನ್ ಮಾತ್ರೆ ಸುರುವಾದ್ಮ್ಯಾಕೇ ಇದು ಜಾಸ್ತಿ ಆಗಿದ್ದು. ಮಾತ್ರೆನೇ ಬುಟ್ಬುಡ್ತೀನಿ."

"ಬುಡು. ಒಟ್ಟೆ ತುಂಬ್ಕೋತದೆ. ಆಮ್ಯಾಲೆ ಕೊಪ್ಪರಿಗೆ ಮುಂದೆ ನಿನ್ ಒಟ್ಟೆ ನಿಂತಿರ್ತದೆ, ನೀನು ಇಂದ್ಗಡೆ ನಿಂತ್ಕೊಂಡು ಇಣುಕಿ ನೋಡು" ಅಂದೆ.

ಹೆಂಡತಿ ನಕ್ಕಳು. ಅವನು ನಗಲಿಲ್ಲ. ಮಾತ್ರೆ ಬಿಡುವ ಮೊದಲು ಡಾಕ್ಟರಮ್ಮನನ್ನು ಕೇಳಿಬಿಡೋಣವೆಂದು ಪಾಂಡವಪುರಕ್ಕೆ ಹೊರಟೆವು. ಲಿವರಿನ ಡಾಕ್ಟರಮ್ಮ ಅಲ್ಲಿನ ಆಸ್ಪತ್ರೆಗೆ ವಾರಕ್ಕೊಂದು ಮಧ್ಯಾಹ್ನ ಬರುತ್ತಿದ್ದರು.

ಡಾಕ್ಟರಮ್ಮ ಮೊದಲು ಕಾಲು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅಜ್ಜಿ, ಇದು ನಿಮ್ಮ ಕೈಯೇ ತಾನೇ? ಇವರಿಗೆ ರಕ್ತ ಬೇಗ ಹೆಪ್ಪುಗಟ್ಟಲ್ಲ. ಇಷ್ಟು ಜೋರಾಗಿ ಒತ್ತಬೇಡಿ."

"ಗೊತ್ತಿರ್ನಿಲ್ಲ ಕಣವ್ವ. ಇನ್ಮುಂದೆ ಒತ್ತಾಕಿಲ್ಲ" ಅಂದೆ. ಅಷ್ಟಕ್ಕೆ ಮುಗಿಯಿತು.

ರಕ್ತ ತೆಗೆಸಿದರು. ಅದರ ವರದಿ ಬಂದ ಮೇಲೆ ನೀರಿನ ಮಾತ್ರೆ ಎರಡರಲ್ಲಿ ಒಂದನ್ನು ಅರ್ಧ ಮಾಡಿದರು. "ನೀವಾಗೇ ನಿಲ್ಲಿಸಬೇಡಿ, ಹೊಟ್ಟೆ ತುಂಬಿಕೊಳ್ಳುತ್ತೆ" ಅಂದರು. ಉಪವಾಸದ ಮಾತು ಕೇಳಿ ಪೆನ್ನು ಕೆಳಗಿಟ್ಟರು. ಇವರ ಮೈಯ ಮಾಂಸಖಂಡವೇ ಕರಗುತ್ತಿದೆ, ಬೇಳೆ, ಮೊಟ್ಟೆ ಎಲ್ಲ ತಿನ್ನಲಿ, ಮಲಗುವ ಮುಂಚೆ ಒಂದು ಲೋಟ ರಾಗಿ ಗಂಜಿಯಾದರೂ ಕುಡಿಯಲಿ, ಹೊಟ್ಟೆ ಖಾಲಿ ಇರಬಾರದು ಅಂದರು. ಕಾಲು ಚಾಚಿ ಕೂತು ಪಾದಕ್ಕೆ ಟವೆಲ್ಲು ಹಾಕಿ ತನ್ನ ಕಡೆಗೆ ಎಳೆದುಕೊಳ್ಳುವುದನ್ನು ತೋರಿಸಿದರು. ಕೊನೆಗೆ ಹೇಳಿದ್ದು ಕೇಳಿ ನನಗೆ ನಗು ಬಂತು.

"ಸೆಳೆತ ಶುರುವಾದ ತಕ್ಷಣ ಒಂದು ಚಮಚ ಉಪ್ಪಿನಕಾಯಿ ನೀರು ಬಾಯಿಗೆ ಹಾಕ್ಕೊಳ್ಳಿ. ಹುಳಿ ಗಂಟಲಿಗೆ ಚುರುಕ್ ಅನ್ನಬೇಕು. ನುಂಗಲೇಬೇಕು ಅಂತಿಲ್ಲ, ಆಮೇಲೆ ಉಗಿದ್ರೂ ಆಯ್ತು."

"ಕಾಲು ನೋವಿಗೆ ಗಂಟ್ಲಿಗೆ ಮದ್ದಾ?" ಅಂದೆ.

"ಗಂಟಲಿಗೆ ಚುರುಕ್ ಅಂದ್ರೆ ಅಲ್ಲಿಂದ ನರಕ್ಕೆ ಸುದ್ದಿ ಹೋಗುತ್ತೆ ಅಜ್ಜಿ. ನರ ಖಂಡವನ್ನ ಸಡಿಲ ಬಿಡುತ್ತೆ. ಹಾಗಂತ ತಿಳ್ಕೊಂಡಿದ್ದೀವಿ. ಎಲ್ಲ ಸಲ ಆಗಲ್ಲ, ಸುಮಾರು ಸಲ ಆಗುತ್ತೆ."

"ಉಪ್ಪು ಕೂಡದು ಅಂತ ನೀವೇ ಯೋಳಿದ್ರಿ" ಎಂದಳು ಹೆಂಡತಿ.

"ಊಟಕ್ಕೆ ಕೂಡದು. ಇದು ಊಟ ಅಲ್ಲ, ಒಂದು ಚಮಚ. ದಿನಾ ಬೆಳಿಗ್ಗೆ ತೂಕ ನೋಡ್ತಾ ಇರಿ. ಏರಿದರೆ ನನಗೆ ಹೇಳಿ."

ಹೆಂಡತಿ ತಲೆಯಾಡಿಸಿದಳು. ಒಪ್ಪಿದ ತಲೆಯಲ್ಲ ಅದು, ನನಗೆ ಗೊತ್ತು.

ಊರಿಗೆ ಬಂದು ಬಸ್ಸಿಳಿಯುವ ಹೊತ್ತಿಗೆ ದೀಪ ಹಚ್ಚಿಯಾಗಿತ್ತು. ಹೊಸ್ತಿಲು ದಾಟುವಾಗಲೇ ಅವನ ಕಾಲು ಹಿಡಿದುಕೊಂಡಿತು. ಮನೆಯಲ್ಲಿ ಉಪ್ಪಿನಕಾಯಿ ಇಲ್ಲ. ನಾನು ಪಕ್ಕದ ಮನೆಗೆ ಓಡಿದೆ. ಆ ಮನೆಯಾಕೆ ಬಾಗಿಲಿಗೆ ಅಡ್ಡ ನಿಂತಳು.

"ದೀಪ ಅಚ್ಚಿದ್ಮ್ಯಾಲೆ ಉಪ್ಪಿನ್ ಪದಾರ್ತ ಆಚಿಕ್ ಕೊಡ್ತಾರೇನಜ್ಜಿ? ನೀವೇ ಯೋಳಿ."

"ಕಾಲು ಇಡ್ಕೊಂಡು ಸಾಯ್ತಾವ್ನೆ ಕಣವ್ವ."

"ಒತ್ತಾರೆ ಬನ್ನಿ. ಜಾಡಿನೇ ಕೊಡ್ತೀನಿ."

ನಾನು ಬೈಯಲಿಲ್ಲ. ನಮ್ಮ ಮನೆ ಬಾಗಿಲಿಗೆ ಆ ಹೊತ್ತಿನಲ್ಲಿ ಬಂದಿದ್ದರೆ ನಾನೂ ಕೊಡುತ್ತಿರಲಿಲ್ಲ. ವಾಪಸು ಬಂದು, ಒತ್ತದೆ, ಬರೀ ಪಾದ ಮೇಲಕ್ಕೆತ್ತಿ ಹಿಡಿದು ಕೂತೆ. ಅವನು ಚಾಪೆ ಕಚ್ಚಿಕೊಂಡು ಮಲಗಿದ್ದ.

ಮರುದಿನ ಪಕ್ಕದವಳನ್ನು ಕೇಳಲು ಹೆಂಡತಿಗೆ ಮನಸ್ಸಿರಲಿಲ್ಲ. ಪಾಲಹಳ್ಳಿಗೆ ಹೋಗಿ ತನ್ನ ಜಾಡಿಯನ್ನೇ ತಂದಳು. ಕೆಂಪಗೆ ಖಾರದ ಪುಡಿ ಹಾಕಿ ಎಣ್ಣೆ ತೇಲಿಸಿದ ಮಾವಿನಕಾಯಿ. ಸೆಳೆತ ಬಂದಾಗ ಅದರ ಎಣ್ಣೆಯನ್ನು ಒಂದು ಚಮಚ ಅವನ ಬಾಯಿಗೆ ಸುರಿದಳು. ಖಾರ ನೆತ್ತಿಗೇರಿ ಕೆಮ್ಮು ಹತ್ತಿತು. ಕೆಮ್ಮಿದ ರಭಸಕ್ಕೆ ಪಕ್ಕೆಯೂ ಹಿಡಿದುಕೊಂಡಿತು. ಕಾಲಿನದು ಬಿಡಲಿಲ್ಲ.

"ಇದಾ ನಿಮ್ ಮದ್ದು?" ಅಂದ, ಕಣ್ಣಲ್ಲಿ ನೀರು ಸುರಿಸುತ್ತ.

ಅವಳಿಗೆ ಕರುಳು ಚುರುಕ್ ಎಂದಿರಬೇಕು. ಮರುದಿನದಿಂದ ಮಾವಿನ ಹೋಳನ್ನು ತೊಳೆದು, ಹಿಂಡಿ, ದೊಡ್ಡ ಲೋಟದ ಮಜ್ಜಿಗೆಗೆ ಬೆರೆಸಿ ಕೊಡತೊಡಗಿದಳು. ನಮ್ಮ ಕಡೆ ಯಾವುದೇ ಉರಿಗೂ, ಯಾವುದೇ ಖಾರಕ್ಕೂ ಮಜ್ಜಿಗೆಯೇ ಮದ್ದು. ಸೆಳೆತ ಬಂದಾಗ ಒಂದು ಲೋಟ, ಬರಬಾರದೆಂದು ಇನ್ನೊಂದು ಲೋಟ. ಅವನಿಗೂ ರುಚಿ ಹತ್ತಿತು. ಇಷ್ಟು ದಿನ ಸಪ್ಪೆ ತಿಂದ ನಾಲಿಗೆ, ಕೇಳಬೇಕೇ. ಆ ವಾರ ನಾನು ಶ್ರೀರಂಗಪಟ್ಟಣದಲ್ಲಿ ಒಬ್ಬ ಬಾಣಂತಿಗೆ ನೀರು ಹಾಕಲು ಹೋಗಿದ್ದೆ. ತಿರುಗಿ ಬಂದು ನೋಡುತ್ತೇನೆ, ಪಾದದ ಮೇಲೆ ಬೆರಳೊತ್ತಿದರೆ ಕುಳಿ ಬಿದ್ದು ಹಾಗೇ ನಿಲ್ಲುತ್ತಿದೆ. ತೂಕ ಏರಿದೆ. ಹೊಟ್ಟೆ ಬಿಗಿದಿದೆ. ಸೆಳೆತ ಮೊದಲಿನಂತೆಯೇ ಇದೆ. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ.

"ಯಜಮಾನ್ರು ಬಂದಿದ್ರು" ಅಂದಳು ಹೆಂಡತಿ. "ಒಲೆ ಅರ್ದ ಒಣಗೈತಂತೆ. ಇವ್ರ್ ಕಾಲ್ ನೋಡ್ಬುಟ್ಟು ಅಂಗೇ ಎದ್ದೋದ್ರು."

ಆಗ ನನಗೆ ರೇಗಿತು. ಅವಳ ಮೇಲಲ್ಲ, ನಮ್ಮ ಮೂವರ ಮೇಲೆ. ಡಾಕ್ಟರಮ್ಮ ಹೇಳಿದ್ದು ಒಂದು ಚಮಚ, ನಾವು ಕೊಟ್ಟದ್ದು ಲೋಟ. ಹುಳಿ ಅಂದರು, ನಾವು ಖಾರ ಹಾಕಿದೆವು. ಗಂಟಲಿಗೆ ಚುರುಕ್ ಅನ್ನಬೇಕು ಅಂದರು, ನಾವು ಮಜ್ಜಿಗೆ ಹಾಕಿ ತಂಪು ಮಾಡಿದೆವು. ಅವರು ಹೇಳಿದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ್ದೆವು.

ಡಾಕ್ಟರಮ್ಮನಿಗೆ ಫೋನು ಮಾಡಿಸಿದೆ. ತೂಕ ಕೇಳಿದರು, ಮಜ್ಜಿಗೆ ಮಾತು ಕೇಳಿ "ಅಯ್ಯೋ" ಅಂದರು. ಅದನ್ನು ನಿಲ್ಲಿಸಿ, ಮಾತ್ರೆ ತಪ್ಪಿಸಬೇಡಿ, ತೂಕ ಇಳಿಯದಿದ್ದರೆ ಕರೆದುಕೊಂಡು ಬನ್ನಿ ಅಂದರು. ನಾನು ಕೇಳಿದೆ, "ಕಾರ ಇಲ್ದಿರೋ ಉಪ್ಪುನಿಂಬೆಕಾಯಿ ರಸ ಆದೀತಾ ಕಣವ್ವ?"

"ಆಗುತ್ತೆ ಅಜ್ಜಿ. ಒಂದೇ ಚಮಚ. ಶುರುವಾದ ಕೂಡಲೇ."

ನಮ್ಮೂರು ಬಿಂಡಿಗನವಿಲೆ. ನನ್ನ ಮನೆಯ ಅಟ್ಟದಲ್ಲಿ ಎರಡು ವರ್ಷದ ಉಪ್ಪುನಿಂಬೆಕಾಯಿ ಜಾಡಿ ಇದೆ. ಬರೀ ನಿಂಬೆಹಣ್ಣು, ಕಲ್ಲುಪ್ಪು. ಜ್ವರದವರಿಗೆ ಗಂಜಿಯ ಜೊತೆ ಕೊಡುವುದಕ್ಕೆ ಇಟ್ಟದ್ದು. ಹಣ್ಣೆಲ್ಲ ಕಪ್ಪಾಗಿ ಕರಗಿ, ಮೇಲೆ ಜೇನಿನಂಥ ರಸ ನಿಂತಿರುತ್ತದೆ. ಒಂದು ತೊಟ್ಟು ನಾಲಿಗೆಗೆ ತಗುಲಿದರೆ ಕಿವಿಯ ಹಿಂದೆ ಜುಂ ಎನ್ನುತ್ತದೆ. ಯಾರಿಗೂ ಆ ಜಾಡಿ ಮುಟ್ಟಲು ಬಿಡುವವಳಲ್ಲ ನಾನು. ಅದನ್ನೇ ತರುತ್ತೇನೆಂದು ಹೊರಟೆ.

ಹೋದ ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಒಣಗಿದ ಕೈಯಲ್ಲಿ ಜಾಡಿ ಇಳಿಸಿ, ಬಾಯಿಗೆ ಬಟ್ಟೆ ಬಿಗಿದು, ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ನಾಗಮಂಗಲದಲ್ಲಿ ಬಸ್ಸು ಬದಲಿಸಿದೆ. ಕಂಡಕ್ಟರು ಬಗ್ಗಿ ನೋಡಿದ.

"ಏನಜ್ಜಿ, ಮಗೀನ ಇಡ್ಕಂಡಂಗೆ ಇಡ್ಕಂಡಿದ್ದೀಯ?"

"ಮಗು ಆಗಿದ್ರೆ ಇಷ್ಟು ಉಷಾರಾಗಿ ಇಡ್ಕಂತಿರ್ನಿಲ್ಲ. ಡ್ರೈವರ್‍ಗೆ ಯೋಳು, ಅಳ್ಳ ನೋಡ್ಕೊಂಡು ಓಡ್ಸು ಅಂತ."

"ಅಜ್ಜಿ ಉಪ್ಪಿನ್ಕಾಯಿ ಚೆಲ್ತದಂತೆ ಕಣಣ್ಣೋ, ನಿಧಾನ" ಎಂದು ಅವನು ಕೂಗಿದ. ಬಸ್ಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಈ ವಯಸ್ಸಿನಲ್ಲಿ ಹೊಸ ಕೆಲಸವೊಂದಕ್ಕೆ ಕೈ ಹಾಕಿದ್ದೆ, ಇದು ಆದರೂ ಆದೀತು ಅನ್ನಿಸತೊಡಗಿತ್ತು.

ಕ್ಯಾತನಹಳ್ಳಿಗೆ ಬಂದು ಹೆಂಡತಿಯನ್ನು ಕೂರಿಸಿ ಹೇಳಿದೆ. "ಅಡುಗೆ ನಿಂದು, ಉಪ್ಪು ಕಮ್ಮಿನೇ ಇರ್ಲಿ. ಬ್ಯಾಳೆ ಆಕು, ಮೊಟ್ಟೆ ಆಕು. ಶನಿವಾರ ಒಪ್ಪತ್ತು ನೀನು ಮಾಡು, ಅವ್ನು ಉಣ್ಲಿ. ಈ ರಸ ಮಾತ್ರ ನಂದು. ಇದಕ್ಕೆ ನೀರಿಲ್ಲ, ಮಜ್ಜಿಗೆ ಇಲ್ಲ, ಕರುಣೆ ಇಲ್ಲ."

"ದ್ಯಾವ್ರಿಗೆ ಅರಕೆ ಕಟ್ಕೊಂಡಿದ್ದೆ ದೊಡ್ಡವ್ವ, ಪತ್ಯ ಮುರಿಯಾಕಿಲ್ಲ ಅಂತ."

"ದ್ಯಾವ್ರು ಕೇಳುದ್ರೆ ಬಿಂಡಿಗನವಿಲೆ ಮುದುಕಿ ಮುರಿದ್ಲು ಅಂತ ಯೋಳು."

ಅವಳು ಎದ್ದು ಹೋಗಿ ತೊಗರಿಬೇಳೆ ತೊಳೆಯತೊಡಗಿದಳು.

ಕೆಮ್ಮಿನ ಔಷಧಿಯ ಚಿಕ್ಕ ಸೀಸೆಯೊಂದನ್ನು ಕುದಿಸಿ ಒಣಗಿಸಿ ರಸ ತುಂಬಿದೆ. ದಾರ ಕಟ್ಟಿ ಅವನ ಕೊರಳಿಗೆ ಹಾಕಿದೆ. ಅದರ ಮುಚ್ಚಳ ಸರಿಯಾಗಿ ಒಂದು ಚಮಚ ಹಿಡಿಯುತ್ತಿತ್ತು. "ನೋವು ಏರೋಗಂಟ ಕಾಯ್ಬ್ಯಾಡ. ಬೆರಳು ಎಳೀತು ಅಂದ್ರೆ ಸಾಕು, ಆಕ್ಕೊ. ಗಂಟ್ಲಿಗೆ ತಗುಲ್ಸಿ ಇಟ್ಕೊ. ಇಮ್ಮಡಿ ನೆಲಕ್ಕೆ ಊರಿ ಬೆರಳು ಮ್ಯಾಕೆತ್ತು" ಅಂದೆ.

ಆಮೇಲೆ ಮೊದಲನೇ ಸಲ ಸೆಳೆತ ಬಂದದ್ದು ಕೊಟ್ಟಿಗೆಯ ಮುಂದೆ, ಹಾಡಹಗಲಲ್ಲಿ. ಅವನು ಹಸುವಿನ ಹಗ್ಗ ಬಿಚ್ಚುತ್ತಿದ್ದ. ಎಡಗಾಲಿನ ಕಿರುಬೆರಳು ತಾನಾಗಿಯೇ ಪಕ್ಕಕ್ಕೆ ಸರಿಯಿತು. ನನಗೆ ಕಾಣಿಸಿತು. "ಆಕ್ಲಾ" ಅಂದೆ. ಅವನು ಮುಚ್ಚಳ ತುಂಬಿ ಬಾಯಿಗೆ ಸುರಿದುಕೊಂಡ. ಮುಖ ಹಿಂಡಿಕೊಂಡು ಮೈಯೆಲ್ಲ ಒಂದು ಸಲ ನಡುಗಿತು. ನಾನು ಕೂತು ಮೀನಖಂಡದ ಮೇಲೆ ಅಂಗೈ ಇಟ್ಟೆ, ಒತ್ತಲಿಲ್ಲ. ಗಂಟು ಏರುತ್ತಾ ಬಂತು, ಬಂತು, ನಿಂತಿತು. ಆಮೇಲೆ ಅಂಗೈ ಕೆಳಗೇ ಅದು ಕರಗಿತು. ಬಿಸಿ ಮುದ್ದೆಯ ಮೇಲಿಟ್ಟ ಬೆಣ್ಣೆಯ ಹಾಗೆ. ಹಸು ಇನ್ನೂ ಅಲ್ಲೇ ನಿಂತಿತ್ತು, ಅದಕ್ಕೆ ಹುಲ್ಲಿನ ಹತ್ತಿರ ಹೋಗುವಷ್ಟೂ ಹೊತ್ತಾಗಿರಲಿಲ್ಲ.

ಅವನು ಉಗಿದು ನನ್ನ ಮುಖ ನೋಡಿದ. "ಓಯ್ತಲ್ಲ ದೊಡ್ಡವ್ವ."

"ಓಯ್ತು."

"ಇಷ್ಟೇನಾ?"

ಹೆಂಡತಿ ಕೈಯಲ್ಲಿ ಸೌಟು ಹಿಡಿದೇ ಓಡಿ ಬಂದಳು. ನಾನು ಎದ್ದು ಕೊಟ್ಟಿಗೆಯಲ್ಲಿ ಸುಮ್ಮನೆ ಎರಡು ಸುತ್ತು ನಡೆದೆ. ನಿಂತಲ್ಲಿ ನಿಲ್ಲಲು ಆಗಲಿಲ್ಲ. ಐವತ್ತು ವರ್ಷ ತಿಕ್ಕಿದ ಕೈಗೆ ಅಷ್ಟು ಬೇಗ ಬಿಟ್ಟ ಗಂಟು ಸಿಕ್ಕಿರಲಿಲ್ಲ.

ಎಲ್ಲ ಸಲವೂ ಹಾಗಾಗಲಿಲ್ಲ. ಕೆಲವು ಸಲ ತಡವಾಗಿ ಹಾಕಿಕೊಂಡ, ನೋವು ಅನುಭವಿಸಿದ. ಪಕ್ಕೆಗೆ ಬಂದಾಗ ಕೆಲಸ ಮಾಡಲೇ ಇಲ್ಲ. ಸೆಳೆತ ಬರುವುದೂ ನಿಲ್ಲಲಿಲ್ಲ. ಬಂದದ್ದು ಬೇಗ ಹೋಗುತ್ತಿತ್ತು, ಅಷ್ಟೆ. ಟವೆಲ್ಲಿನಿಂದ ಪಾದ ಎಳೆಯುವುದನ್ನು ಬಿಡದೆ ಮಾಡಿಸಿದೆ. ಮಲಗುವ ಮುಂಚೆ ರಾಗಿ ಗಂಜಿ ಕುಡಿಸಿದೆವು. ಮಜ್ಜಿಗೆಯ ಉಪ್ಪು ಬಿಟ್ಟ ಮೇಲೆ ತೂಕ ಇಳಿಯಿತು, ಪಾದದ ಕುಳಿ ಹೋಯಿತು. ಡಾಕ್ಟರಮ್ಮ ಮತ್ತೆ ನೋಡಿ, ಕೊರಳಲ್ಲಿದ್ದ ಸೀಸೆಯನ್ನು ಎತ್ತಿ ಮೂಸಿ ಕೆಮ್ಮಿದರು. ಕೊಪ್ಪರಿಗೆಯ ಮಾತು ಎತ್ತಿದಾಗ ಮಾತ್ರ ಮುಖ ಗಂಟು ಹಾಕಿಕೊಂಡರು. "ಅವರು ಬೆಂಕಿ ಹತ್ತಿರ ನಿಲ್ಲೋದಾದ್ರೆ ಬೀಳದ ಹಾಗೆ ಏನಾದ್ರೂ ವ್ಯವಸ್ಥೆ ಮಾಡಿ. ಎತ್ತೋದು ಇಳಿಸೋದು ಬೇಡ."

ಒಲೆ ಒಣಗಿತೆಂದು ಯಜಮಾನ ಹೇಳಿಕಳಿಸಿದ. ಬೆಳಿಗ್ಗೆಯೇ ಹೋದೆವು. ಗಾಣ ಆಗಲೇ ತಿರುಗುತ್ತಿತ್ತು. ನಾನು ಮೊದಲು ಎರಡು ಗೂಟ ನೆಡಿಸಿದೆ. ಕೊಪ್ಪರಿಗೆಯಿಂದ ಒಂದಾಳು ದೂರದಲ್ಲಿ, ಎದೆಮಟ್ಟಕ್ಕೆ, ದಪ್ಪ ಹಗ್ಗ ಬಿಗಿಸಿದೆ. ಕಾಲು ಕೈಕೊಟ್ಟರೆ ಹಗ್ಗದ ಮೇಲೆ ಬೀಳಲಿ, ಪಾಕದ ಮೇಲೆ ಬೇಡ.

ಯಜಮಾನ ಹುಬ್ಬೇರಿಸಿದ. "ಇದೇನಜ್ಜಿ, ಎತ್ತು ಕಟ್ದಂಗೆ ಕಟ್ತೀಯ?"

"ಎತ್ತಾಗಿದ್ರೆ ಮೂಗುದಾರ ಆಕ್ತಿದ್ದೆ. ನಿನ್ನಾಳುಗಳು ತಿರುವ್ಲಿ, ಅವ್ರೇ ಇಳಿಸ್ಲಿ. ಇವ್ನು ನೋಡಿ ಯೋಳ್ತಾನೆ. ಪಾಕ ನೋಡಕ್ಕೆ ಕಣ್ಣು ಬೇಕು, ತೋಳು ಬ್ಯಾಡ."

"ನೋಡಾನ" ಅಂದ ಯಜಮಾನ.

ಕಬ್ಬಿನ ಹಾಲು ಕುದಿಯಿತು. ಆಳುಗಳು ಜಾಲರಿಯಲ್ಲಿ ಕೊಳೆ ತೆಗೆದರು. ನೊರೆ ಏರಿತು, ಇಳಿಯಿತು, ಬಣ್ಣ ತಿರುಗತೊಡಗಿತು. ಅವನು ಹಗ್ಗಕ್ಕೆ ಎದೆಯೊರಗಿಸಿ ನಿಂತು "ಬೆಂಕಿ ತಗ್ಸಿ" ಅನ್ನುತ್ತಿದ್ದ, "ಆ ಕಡೆ ತಿರುವು" ಅನ್ನುತ್ತಿದ್ದ. ಅವನ ಕಣ್ಣು ಕೊಪ್ಪರಿಗೆಯ ಮೇಲೆ, ನನ್ನ ಕಣ್ಣು ಅವನ ಕಾಲಿನ ಮೇಲೆ. ಗುಳ್ಳೆಗಳು ಸಣ್ಣಗಾಗಿ ದಪ್ಪನೆಯ ಸದ್ದು ಶುರುವಾದ ಹೊತ್ತಿಗೆ ಅವನ ಬಲಗಾಲಿನ ಬೆರಳುಗಳು ಒಂದರ ಮೇಲೊಂದು ಹತ್ತಿದವು.

ನಾನು ಹೇಳುವ ಮೊದಲೇ ಅವನ ಕೈ ಸೀಸೆಗೆ ಹೋಗಿತ್ತು. ಮುಚ್ಚಳ ತುಂಬಿ ಸುರಿದುಕೊಂಡ. ಹಿಮ್ಮಡಿ ಊರಿದ. ನಾನು ಹಿಂದೆ ಕುಕ್ಕರುಗಾಲಲ್ಲಿ ಕೂತು ಮೀನಖಂಡಕ್ಕೆ ಅಂಗೈ ಹಚ್ಚಿದೆ. ಗಂಟು ಏರುತ್ತಿತ್ತು.

"ಇಳಿಸ್ನಾ?" ಎಂದ ತಿರುವುತ್ತಿದ್ದ ಆಳು.

ಬಾಯಲ್ಲಿ ರಸ ಇದೆ, ಮಾತಾಡುವಂತಿಲ್ಲ. ಅವನು ತಲೆಯಾಡಿಸಿ ಬೇಡವೆಂದ. ಕೈ ತೋರಿಸಿ ಪಾಕ ನೀರಿಗೆ ಬಿಡಲು ಸನ್ನೆ ಮಾಡಿದ. ಆಳು ತಣ್ಣೀರಿಗೆ ಒಂದು ಹನಿ ಬಿಟ್ಟು ತಂದ. ಇವನು ಬೆರಳಲ್ಲಿ ಉರುಳಿಸಿದ. ಉಂಡೆ ಇನ್ನೂ ಮೆತ್ತಗಿತ್ತು. ಮತ್ತೆ ತಲೆಯಾಡಿಸಿದ.

"ಕಾಲು ನಡುಗ್ತಾ ಐತಲ್ಲಜ್ಜಿ" ಅಂದ ಯಜಮಾನ, ಹತ್ತಿರ ಬಂದು. "ಸೀದೋದ್ರೆ ಕೊಪ್ಪರಿಗೆನೇ ಓಯ್ತದೆ. ನಾನೇ ಯೋಳ್ಬುಡ್ಲಾ?"

"ಬಾಯ್ಮುಚ್ಕೊಂಡು ನಿಂತ್ಕೊ" ಅಂದೆ. ಯಜಮಾನನಿಗೆ ಹಾಗೆ ಅನ್ನಬಾರದಿತ್ತು. ಆ ಹೊತ್ತಿಗೆ ಬೇರೆ ಮಾತು ಬರಲಿಲ್ಲ.

ಗಂಟು ನಿಂತಿತು. ಪಾಕ ಗೊಟಗೊಟ ಅನ್ನುತ್ತಿತ್ತು. ಆಳು ಇನ್ನೊಂದು ಹನಿ ತಂದ. ಅದೇ ಗಳಿಗೆಯಲ್ಲಿ ನನ್ನ ಅಂಗೈ ಕೆಳಗೆ ಕಾಲು ಸಡಿಲವಾಯಿತು. ಬೆರಳುಗಳು ಒಂದೊಂದಾಗಿ ಬಿಚ್ಚಿ ನೆಲಕ್ಕೆ ಕೂತವು. ಅವನು ಹನಿಯನ್ನು ಉರುಳಿಸಿ ಗೂಟಕ್ಕೆ ಹೊಡೆದ. ಟಕ್ ಎಂದಿತು. ಪಕ್ಕಕ್ಕೆ ತಿರುಗಿ ಬೂದಿಯ ಮೇಲೆ ಉಗಿದು ಕೂಗಿದ.

"ಇಳಿಸ್ರಲಾ."

ಆಳುಗಳು ಕೊಪ್ಪರಿಗೆ ಬಗ್ಗಿಸಿದರು. ಪಾಕ ತೊಟ್ಟಿಗೆ ಹೊನ್ನಿನ ಬಣ್ಣದಲ್ಲಿ ಸುರಿಯಿತು. ನಾನು ಏಳಲು ಹೋದೆ, ನನ್ನ ಮಂಡಿ ಹಿಡಿದುಕೊಂಡಿತ್ತು. ಅವನೇ ಬಗ್ಗಿ ನನ್ನ ರಟ್ಟೆ ಹಿಡಿದು ಎಬ್ಬಿಸಿದ.

ಅಚ್ಚಿಗೆ ಹಾಕುವ ಮುಂಚೆ ಅಡುಗೆಯವನು ರುಚಿ ನೋಡಬೇಕು, ಅದು ಆಲೆಮನೆಯ ಪದ್ಧತಿ. ಅವನು ಒಂದು ಚೂರು ಬಾಯಿಗೆ ಹಾಕಿಕೊಂಡು ಜಗಿದ. ಮತ್ತೆ ಜಗಿದ. ಮುಖ ಪೆಚ್ಚಾಯಿತು. ನನ್ನ ಕೈಗೂ ಒಂದು ಬಿಸಿ ಚೂರು ಇಟ್ಟ.

"ನೀನೇ ಯೋಳು ದೊಡ್ಡವ್ವ. ನನ್ನ ಬಾಯಿ ತುಂಬ ನಿನ್ನ ನಿಂಬೆಕಾಯೇ."

ನಾನು ಜಗಿದೆ. ಯಜಮಾನ ನನ್ನ ಬಾಯನ್ನೇ ನೋಡುತ್ತಿದ್ದ.

"ಬೆಲ್ಲ ಆಗೈತೆ ಕಣ್ಲಾ" ಅಂದೆ.

ಯಜಮಾನ ತಾನೂ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಒಬ್ಬ ಆಳು ಗೂಟದ ಹಗ್ಗ ಬಿಚ್ಚಲು ಹೋದ.

"ಬುಡ್ಲಾ ಅದ್ನ" ಅಂದ ಯಜಮಾನ. "ನಾಳಿಕೂ ಬೇಕು."